ಘಾನಾದ ತರಗತಿಗಳಲ್ಲಿ ಪರದೇಶದ ಸ್ವಯಂಸೇವಕ ಶಿಕ್ಷಕರು

1961ರ ಆಗಸ್ಟ್ 30ರಂದು ಘಾನಾದ ರಾಜಧಾನಿ ಆಕ್ರಾದಲ್ಲಿ ವಿಮಾನದಿಂದಿಳಿದ ಸುಮಾರು 50 ಮಂದಿ ಅಮೆರಿಕನ್ ತರುಣ ತರುಣಿಯರು, ಸ್ವಾಗತಕ್ಕೆ ಬಂದಿದ್ದವರ ಮುಂದೆ ಟ್ವಿ ಭಾಷೆಯಲ್ಲಿ ಒಂದು ಹಾಡು ಹೇಳಿದರು. ಎರಡು ವರ್ಷ ಕಾಲ ಅಲ್ಲಿನ ಪ್ರೌಢಶಾಲೆಗಳಲ್ಲಿ ಪಾಠ ಮಾಡಲು ಬಂದಿದ್ದ ಇವರು, ಅದೇ ವರ್ಷದ ಮಾರ್ಚ್ 1ರಂದು ಸ್ಥಾಪನೆಯಾದ 'ಪೀಸ್ ಕೋರ್' ಎಂಬ ಸರ್ಕಾರಿ ಸಂಸ್ಥೆಯ ಮೊದಲ ತಂಡದವರು.

ಇಂಥ ಸೇವೆಗೆ ವ್ಯವಸ್ಥಿತ ರೂಪ ಕೊಟ್ಟವರಲ್ಲಿ ಬ್ರಿಟಿಷರು ಮುಂದಿದ್ದರು. ಅಲೆಕ್ ಡಿಕ್ಸನ್ ಮತ್ತು ಮೋರಾ ಡಿಕ್ಸನ್ ದಂಪತಿ 1958ರಲ್ಲಿ ಆರಂಭಿಸಿದ ವಾಲಂಟರಿ ಸರ್ವೀಸ್ ಓವರ್‌ಸೀಸ್ ಸಂಸ್ಥೆ ಮೊದಲಿಗೆ ಶಾಲೆ ಮುಗಿಸಿದ ಹದಿನೆಂಟರ ಹರೆಯದವರನ್ನೇ ಕಳುಹಿಸುತ್ತಿತ್ತು. ಪದವೀಧರರ ಸರದಿ ಬಂದದ್ದು 1962ರಲ್ಲಿ. ಅಮೆರಿಕದಲ್ಲಿ ಈ ವಿಚಾರಕ್ಕೆ ಬಲ ಬಂದದ್ದು 1960ರ ಅಕ್ಟೋಬರ್ 14ರಂದು, ರಾತ್ರಿ ಎರಡರ ಸುಮಾರಿಗೆ. ಚುನಾವಣಾ ಪ್ರಚಾರಕ್ಕೆ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಬಂದಿದ್ದ ಜಾನ್ ಎಫ್. ಕೆನಡಿ, ಘಾನಾದ ಹೆಸರೆತ್ತಿಯೇ, ಅಲ್ಲಿ ಹೋಗಿ ದುಡಿಯಲು ನಿಮ್ಮಲ್ಲಿ ಎಷ್ಟು ಮಂದಿ ಸಿದ್ಧರಿದ್ದೀರಿ ಎಂದು ವಿದ್ಯಾರ್ಥಿಗಳನ್ನು ಕೇಳಿದ್ದರು.

ಆದರೆ ಘಾನಾದ ಅಗತ್ಯ ಕೆನಡಿಯವರ ಭಾಷಣಕ್ಕಿಂತ ಹಳೆಯದು. 1951ರ ಶಿಕ್ಷಣಾಭಿವೃದ್ಧಿ ಯೋಜನೆ ಪ್ರಾಥಮಿಕ ಶಾಲೆಗಳ ಬಾಗಿಲನ್ನು ಅಗಲವಾಗಿ ತೆರೆದಿತ್ತು. 1957ರಲ್ಲಿ ಸ್ವಾತಂತ್ರ್ಯ ಬಂದ ಬಳಿಕ ಎನ್‌ಕ್ರುಮಾ ಸರ್ಕಾರ ಘಾನಾ ಎಜುಕೇಷನಲ್ ಟ್ರಸ್ಟ್ ಮೂಲಕ ಹೊಸ ಪ್ರೌಢಶಾಲೆಗಳನ್ನು ಕಟ್ಟಿಸಿತು. 1961ರ ಶಿಕ್ಷಣ ಕಾಯಿದೆ ಮೂಲಶಿಕ್ಷಣವನ್ನು ಕಡ್ಡಾಯಗೊಳಿಸಿತು. ಕಟ್ಟಡ ಎದ್ದಿತು, ಮಕ್ಕಳೂ ಬಂದರು. ಕರಿಹಲಗೆಯ ಮುಂದೆ ನಿಲ್ಲಬೇಕಾದ ಪದವೀಧರರು ಮಾತ್ರ ಸಾಲದಾದರು. ಗಣಿತ, ವಿಜ್ಞಾನದ ಅಧ್ಯಾಪಕರನ್ನು ತಯಾರು ಮಾಡಲು ವರ್ಷಗಳೇ ಬೇಕು. ಪಶ್ಚಿಮ ಆಫ್ರಿಕಾ ಪರೀಕ್ಷಾ ಮಂಡಳಿಯ ಪರೀಕ್ಷೆಗೆ ಕೂರಬೇಕಾದ ಹುಡುಗನಿಗೆ ಅಷ್ಟು ಕಾಲ ಕಾಯುವ ಅವಕಾಶವಿಲ್ಲ. ಬೋಧನಾ ಮಾಧ್ಯಮ ಇಂಗ್ಲಿಷ್ ಆಗಿದ್ದುದರಿಂದ ಹೊರಗಿನವರು ನೇರವಾಗಿ ತರಗತಿಗೆ ಹೋಗಬಹುದಿತ್ತು.

ಸ್ವಯಂಸೇವಕರಿಗೆ ಸಿಗುತ್ತಿದ್ದುದು ಜೀವನ ನಿರ್ವಹಣೆಯ ಭತ್ಯೆ. ತಿಂಗಳಿಗೆ 75 ಡಾಲರ್‌ನಂತೆ ಕೂಡಿಟ್ಟ ಹಣ ಸೇವೆ ಮುಗಿದ ನಂತರ ಕೈಸೇರುತ್ತಿತ್ತು. ಭಾರತಕ್ಕೂ 1961ರಿಂದ 1976ರವರೆಗೆ ಈ ಸಂಸ್ಥೆಯ ಸ್ವಯಂಸೇವಕರು ಬಂದಿದ್ದರೆಂಬುದನ್ನು ಇಲ್ಲಿ ನೆನೆಯಬಹುದು.

ಕಲಿಸಲು ಬಂದವರು ಆತಿಥೇಯರನ್ನು ಯಾವ ಕಣ್ಣಿನಿಂದ ನೋಡುತ್ತಾರೆಂಬ ಪ್ರಶ್ನೆ ಆರಂಭದಲ್ಲೇ ಎದುರಾಯಿತು. 1961ರ ಅಕ್ಟೋಬರ್‌ನಲ್ಲಿ, ಸ್ವತಂತ್ರವಾಗಿ ಒಂದೇ ವರ್ಷವಾಗಿದ್ದ ನೈಜೀರಿಯಾದ ಇಬಾದಾನ್‌ನಲ್ಲಿ ತರಬೇತಿಯಲ್ಲಿದ್ದ ಸ್ವಯಂಸೇವಕಿಯೊಬ್ಬರು ಅಲ್ಲಿನ ಬದುಕು ತೀರ ಹಿಂದುಳಿದದ್ದೆಂಬ ಅರ್ಥದಲ್ಲಿ ಸ್ನೇಹಿತನಿಗೆ ಅಂಚೆ ಕಾರ್ಡ್ ಬರೆದರು. ಅದು ಅಂಚೆಗೆ ಸೇರುವ ಮೊದಲೇ ವಿದ್ಯಾರ್ಥಿಗಳ ಕೈಗೆ ಸಿಕ್ಕಿತು. ಪ್ರತಿಗಳು ಹಂಚಿಕೆಯಾದವು, ಪ್ರತಿಭಟನೆ ನಡೆಯಿತು, ಆಕೆ ತಾಯ್ನಾಡಿಗೆ ಮರಳಬೇಕಾಯಿತು. ಬರೆದದ್ದು ದುರುದ್ದೇಶದಿಂದಲ್ಲ ಎನ್ನಬಹುದಾದರೂ ವಿದ್ಯಾರ್ಥಿಗಳ ಸಿಟ್ಟನ್ನು ಅತಿರೇಕವೆಂದು ತಳ್ಳಿಹಾಕಲಾಗದು.

ಇನ್ನೂ ಕಠಿಣವಾದದ್ದು ಅವಧಿಯ ಪ್ರಶ್ನೆ. ಮಕ್ಕಳ ಮಾತು, ಪಠ್ಯಕ್ರಮ, ಊರಿನ ರೀತಿ ರೂಢಿಯಾಗುವ ಹೊತ್ತಿಗೆ ಎರಡು ವರ್ಷ ತುಂಬಿರುತ್ತದೆ. ಮುಂದೆ ಇನ್ನೊಬ್ಬರು ಬಂದು ಮೊದಲಿನಿಂದ ಆರಂಭಿಸಬೇಕು. (ರಜೆಯಲ್ಲಿ ಎರಡು ವಾರ ಪಾಠ ಹೇಳಿ ಬರುವ ಈಚಿನ ಪ್ರವಾಸಗಳ ವಿಚಾರ ಹೇಳುವುದೇ ಬೇಡ.) ಘಾನಾ 1973ರಲ್ಲಿ ತನ್ನದೇ ರಾಷ್ಟ್ರೀಯ ಸೇವಾ ಯೋಜನೆ ತಂದು, ತನ್ನ ಪದವೀಧರರನ್ನೇ ಶಾಲೆಗಳಿಗೆ ಕಳುಹಿಸತೊಡಗಿತು. ಆದರೆ ಅದೇ ದಶಕದ ಕೊನೆಯಲ್ಲಿ ಅರ್ಥವ್ಯವಸ್ಥೆ ಕುಸಿದಾಗ, ತರಬೇತಿ ಪಡೆದ ಸಾವಿರಾರು ಶಿಕ್ಷಕರು ತೈಲಸಂಪತ್ತಿನ ನೈಜೀರಿಯಾಕ್ಕೆ ವಲಸೆ ಹೋದರು. ಆ ನಷ್ಟವನ್ನು ತುಂಬಿಕೊಡುವುದು ಯಾವ ಸ್ವಯಂಸೇವಕರಿಂದಲೂ ಆಗುವಂತಿರಲಿಲ್ಲ.

2020ರ ಮಾರ್ಚ್ 15ರಂದು ಕೊರೋನಾ ಕಾರಣದಿಂದ ಪೀಸ್ ಕೋರ್ ಜಗತ್ತಿನಾದ್ಯಂತ ತನ್ನ ಸುಮಾರು 7,000 ಸ್ವಯಂಸೇವಕರನ್ನು ಹಿಂದಕ್ಕೆ ಕರೆಸಿಕೊಳ್ಳುವುದಾಗಿ ಪ್ರಕಟಿಸಿತು. ಮರುದಿನದಿಂದ ಶಾಲೆಗಳನ್ನು ಮುಚ್ಚುವುದಾಗಿ ಘಾನಾ ಅಧ್ಯಕ್ಷರು ಘೋಷಿಸಿದ್ದೂ ಅದೇ ದಿನ. ಜೂನ್‌ನಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಗಳು ಪರೀಕ್ಷಾ ಸಿದ್ಧತೆಗೆಂದು ತರಗತಿಗೆ ಮರಳಿದಾಗ ಆ ಸ್ವಯಂಸೇವಕರು ಅಮೆರಿಕದಲ್ಲೇ ಇದ್ದರು.