ಮೈಸೂರಿನಲ್ಲಿ ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವ

ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವವು ಕರ್ನಾಟಕ ಸರ್ಕಾರದ ಪರವಾಗಿ ಕರ್ನಾಟಕ ಚಲನಚಿತ್ರ ಅಕಾಡೆಮಿಯು ನಡೆಸುವ ಉತ್ಸವ. ಇದರ 8ನೇ (2016) ಮತ್ತು 9ನೇ (2017) ಆವೃತ್ತಿಗಳು ಬೆಂಗಳೂರಿನ ಜೊತೆಗೆ ಮೈಸೂರಿನಲ್ಲಿಯೂ ಜರುಗಿದವು. ಜಾಗತಿಕ ಚಿತ್ರಗಳನ್ನು ರಾಜಧಾನಿಯ ಹೊರಗಿನ ಪ್ರೇಕ್ಷಕರಿಗೆ ತಲುಪಿಸುವ ಪ್ರಯತ್ನವೆಂಬ ಕಾರಣಕ್ಕೆ ಈ ಎರಡು ಆವೃತ್ತಿಗಳು ಗಮನಾರ್ಹವಾಗಿವೆ.

ಹಿನ್ನೆಲೆ

ಭಾರತದ ಮೊದಲ ಅಂತರರಾಷ್ಟ್ರೀಯ ಚಲನಚಿತ್ರೋತ್ಸವವು 1952ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. ಮುಂದೆ ಅದು ಬೇರೆ ಬೇರೆ ನಗರಗಳಲ್ಲಿ ನಡೆಯತೊಡಗಿ, 1980 ಮತ್ತು 1992ರಲ್ಲಿ ಬೆಂಗಳೂರಿಗೂ ಬಂದಿತು. 2004ರಿಂದ ಗೋವಾ ಅದರ ಕಾಯಂ ನೆಲೆಯಾಯಿತು. ಬೆಂಗಳೂರಿನದೇ ಆದ ಉತ್ಸವವು 2006ರಲ್ಲಿ ಸುಚಿತ್ರಾ ಫಿಲ್ಮ್ ಸೊಸೈಟಿಯ ಉಪಕ್ರಮದಿಂದ ಮೊದಲಾಯಿತು. 2009ರಲ್ಲಿ ಸ್ಥಾಪನೆಗೊಂಡ ಚಲನಚಿತ್ರ ಅಕಾಡೆಮಿಯು ನಂತರ ಅದರ ಹೊಣೆ ಹೊತ್ತಿತು.

ಮೈಸೂರು ಮತ್ತು ಚಿತ್ರರಂಗ

ಅರಮನೆ ಹಾಗೂ ದಸರಾ ಉತ್ಸವಕ್ಕೆ ಹೆಸರಾದ ಮೈಸೂರು, ಕನ್ನಡ ಚಿತ್ರೋದ್ಯಮದ ಆರಂಭಿಕ ಕೇಂದ್ರಗಳಲ್ಲಿಯೂ ಒಂದು. ನವಜ್ಯೋತಿ ಸ್ಟುಡಿಯೋ ಮತ್ತು ಪ್ರೀಮಿಯರ್ ಸ್ಟುಡಿಯೋಗಳು ಇಲ್ಲಿದ್ದವು. ಡಿ. ಶಂಕರ್ ಸಿಂಗ್ ಮತ್ತು ಬಿ. ವಿಠ್ಠಲಾಚಾರ್ಯರ ಮಹಾತ್ಮ ಪಿಕ್ಚರ್ಸ್ ಸಂಸ್ಥೆಯ ‘ಜಗನ್ಮೋಹಿನಿ’ (1951) ಜನಪ್ರಿಯವಾಯಿತು. 1989ರ ಫೆಬ್ರವರಿ 8ರಂದು ಟಿಪ್ಪು ಸುಲ್ತಾನನನ್ನು ಕುರಿತ ದೂರದರ್ಶನ ಧಾರಾವಾಹಿಯ ಚಿತ್ರೀಕರಣದ ವೇಳೆ ಪ್ರೀಮಿಯರ್ ಸ್ಟುಡಿಯೋದಲ್ಲಿ ಸಂಭವಿಸಿದ ಬೆಂಕಿ ಅನಾಹುತದಲ್ಲಿ 62 ಜನರು ಮೃತಪಟ್ಟರು. ಚಿತ್ರೋದ್ಯಮದ ಚಟುವಟಿಕೆ ಆ ಹೊತ್ತಿಗಾಗಲೇ ಬಹುಮಟ್ಟಿಗೆ ಬೆಂಗಳೂರಿನಲ್ಲಿ ಕೇಂದ್ರೀಕೃತವಾಗಿತ್ತು.

2016 ಮತ್ತು 2017ರ ಆವೃತ್ತಿಗಳು

8ನೇ ಉತ್ಸವವು 2016ರ ಜನವರಿ 28ರಿಂದ ಫೆಬ್ರವರಿ 4ರವರೆಗೆ ನಡೆಯಿತು. ಆಗ ಅಕಾಡೆಮಿಯ ಅಧ್ಯಕ್ಷರಾಗಿದ್ದ ನಿರ್ದೇಶಕ ಎಸ್.ವಿ. ರಾಜೇಂದ್ರಸಿಂಗ್ ಬಾಬು ಅವರು ಶಂಕರ್ ಸಿಂಗ್ ಹಾಗೂ ನಟಿ ಪ್ರತಿಮಾದೇವಿ ದಂಪತಿಯ ಪುತ್ರರು. ಮುಖ್ಯಮಂತ್ರಿ ಸಿದ್ದರಾಮಯ್ಯನವರೂ ಮೈಸೂರು ಜಿಲ್ಲೆಯವರೇ. ಉದ್ಘಾಟನೆಯು ಬೆಂಗಳೂರಿನ ವಿಧಾನಸೌಧದ ಮುಂದೆ ನೆರವೇರಿದರೆ, ಸಮಾರೋಪವು ಮೈಸೂರು ಅರಮನೆಯ ಆವರಣದಲ್ಲಿ ಜರುಗಿತು. ಹೆನ್ರಿ ಇರ್ವಿನ್ ವಿನ್ಯಾಸದ, 1912ರಲ್ಲಿ ಪೂರ್ಣಗೊಂಡ ಈ ಅರಮನೆಯ ಅಂಗಳವು ದಸರಾ ಸಾಂಸ್ಕೃತಿಕ ಕಾರ್ಯಕ್ರಮಗಳಿಗೂ ವೇದಿಕೆಯಾಗಿದೆ. ಚಿತ್ರಪ್ರದರ್ಶನಗಳು ಮಾತ್ರ ನಗರದ ಬಹುಪರದೆ ಚಿತ್ರಮಂದಿರದಲ್ಲಿ ನಡೆದವು. 2017ರ ಫೆಬ್ರವರಿಯ 9ನೇ ಉತ್ಸವವೂ ಎರಡೂ ನಗರಗಳಲ್ಲಿ ನಡೆಯಿತು.

ಎರಡು ಕೇಂದ್ರಗಳ ನಿರ್ವಹಣೆ

ಸುಮಾರು 145 ಕಿ.ಮೀ. ಅಂತರದ ಎರಡು ನಗರಗಳಲ್ಲಿ ಏಕಕಾಲಕ್ಕೆ ಉತ್ಸವ ನಡೆಸುವುದು ಕೇವಲ ಸಭಾಂಗಣಗಳ ಪ್ರಶ್ನೆಯಲ್ಲ. ಉತ್ಸವದ ಚಿತ್ರಗಳನ್ನು ಹಕ್ಕುದಾರರು ಸಾಮಾನ್ಯವಾಗಿ ನಿರ್ದಿಷ್ಟ ಸಂಖ್ಯೆಯ ಪ್ರದರ್ಶನಗಳಿಗಷ್ಟೇ ನೀಡುತ್ತಾರೆ. ಡಿಜಿಟಲ್ ಪ್ರತಿಯನ್ನು ತೆರೆಯುವ ಸಂಕೇತ ಕೀಲಿಯು ನಿಗದಿತ ಯಂತ್ರಕ್ಕೆ, ನಿಗದಿತ ಅವಧಿಗೆ ಮಾತ್ರ ಅನ್ವಯಿಸುತ್ತದೆ. ಆದ್ದರಿಂದ ಪ್ರತಿ ಪರದೆಗೂ ಪ್ರತ್ಯೇಕ ಕೀಲಿ ಬೇಕು. ಸೆನ್ಸಾರ್ ಪ್ರಮಾಣಪತ್ರವಿಲ್ಲದ ಚಿತ್ರಗಳಿಗೆ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ವಿನಾಯಿತಿ ಪಡೆಯಬೇಕಾಗುತ್ತದೆ. ಅಂತಹ ಪ್ರದರ್ಶನಕ್ಕೆ ನೋಂದಾಯಿತ ಪ್ರತಿನಿಧಿಗಳಿಗಷ್ಟೇ ಪ್ರವೇಶ. ಎರಡನೆಯ ಕೇಂದ್ರವೆಂದರೆ ನೋಂದಣಿ, ಅತಿಥಿ ಸತ್ಕಾರ, ಸಂವಾದಗಳ ವ್ಯವಸ್ಥೆಯೂ ಇಮ್ಮಡಿಯಾಗುತ್ತದೆ.

ನಂತರದ ಬೆಳವಣಿಗೆ

2018ರ 10ನೇ ಆವೃತ್ತಿಯಿಂದ ಉತ್ಸವವು ಮತ್ತೆ ಬೆಂಗಳೂರಿಗೆ ಸೀಮಿತವಾಯಿತು. 2022ರ 13ನೇ ಆವೃತ್ತಿಯ ವೇಳೆಗೆ ಚಲನಚಿತ್ರ ನಿರ್ಮಾಪಕ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟದ ಮಾನ್ಯತೆಯೂ ಅದಕ್ಕೆ ದೊರೆಯಿತು. ಮೈಸೂರಿನಲ್ಲಿ ದಸರಾ ಅಂಗವಾಗಿ ಚಲನಚಿತ್ರೋತ್ಸವ ನಡೆಯುತ್ತಿದೆ. ನಂಜನಗೂಡು ತಾಲ್ಲೂಕಿನ ಹಿಮ್ಮಾವಿನಲ್ಲಿ ಚಿತ್ರನಗರಿ ಸ್ಥಾಪಿಸುವ ಸರ್ಕಾರದ ಯೋಜನೆಯೂ ಈ ಭಾಗದ ಚಿತ್ರಪರಂಪರೆಯನ್ನು ಪುನಶ್ಚೇತನಗೊಳಿಸುವ ಉದ್ದೇಶವನ್ನು ಹೊಂದಿದೆ.