ಮಸಿ ಎಷ್ಟು ಎತ್ತರಕ್ಕೆ ಹೋಗುತ್ತೆ?

ಸರಸ್ವತಿ ನಗರದ ನಮ್ಮ ಮನೆ ಮೇಲಿನ ರೂಮಲ್ಲೇ ರೆಕಾರ್ಡಿಂಗ್, ಫ್ಯಾನ್ ಸೌಂಡ್ ಬಂದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ.

ದಾವಣಗೆರೆಯ ಮಂಡಕ್ಕಿ ಭಟ್ಟಿ ಕಡೆ ಹೋಗಿಬಂದ ದಿನ ಬಿಳಿ ಅಂಗಿಯ ಕಾಲರ್ ನೋಡಿದ್ದೀರಾ? ಕಾಲರ್ ಮೇಲೆ ಕೂರದ ಮಸಿ ಎಲ್ಲಿಗೆ ಹೋಯ್ತು? ಇದೇ ಪ್ರಶ್ನೆ ಒಂದು ಕಾಲಕ್ಕೆ ಉತ್ತರ ಧ್ರುವದ ಆಕಾಶದಲ್ಲಿ ಎದ್ದಿತ್ತು.

1950ರ ದಶಕ. ಆರ್ಕ್ಟಿಕ್ ಮೇಲೆ ಹಾರುತ್ತಿದ್ದ ಅಮೆರಿಕದ ಹವಾಮಾನ ವಿಮಾನಗಳಿಗೆ ವಿಚಿತ್ರ ಮಬ್ಬು ಕಾಣಿಸಿತು. ಕೆಳಗೆ ಬರೀ ಹಿಮ, ಒಂದು ಫ್ಯಾಕ್ಟರಿಯೂ ಇಲ್ಲ. ಮರ್ರೆ ಮಿಚೆಲ್ 1956ರಲ್ಲಿ ಅದರ ಬಗ್ಗೆ ಬರೆದರು. ಅದು ದೂರದ ಯುರೋಪ್, ಸೋವಿಯತ್ ದೇಶದ ಚಿಮಣಿಗಳ ಹೊಗೆ ಅಂತ ತಿಳಿಯೋಕೆ ಮತ್ತೆ ಎರಡು ದಶಕ ಬೇಕಾಯ್ತು. 1983ರಲ್ಲಿ ವಿಮಾನವೇ ಮಬ್ಬಿನೊಳಗೆ ನುಗ್ಗಿ ಮಸಿ, ಅಂದ್ರೆ ಬ್ಲ್ಯಾಕ್ ಕಾರ್ಬನ್, ಅಳೆಯಿತು. ವಿಧಾನ ಸರಳ: ಗಾಳಿಯನ್ನು ಬಿಳಿ ಫಿಲ್ಟರ್ ಮೂಲಕ ಎಳೆಯೋದು; ಫಿಲ್ಟರ್ ಕಪ್ಪಾದಷ್ಟೂ ಅದನ್ನು ದಾಟುವ ಬೆಳಕು ಕಮ್ಮಿ. ನಮ್ಮ ಕಾಲರ್ ಪರೀಕ್ಷೆಯೇ ಅಲ್ವಾ! ಈ ಮಸಿ ಹಿಮದ ಮೇಲೆ ಬಿದ್ರೆ, ಬಿಸಿಲನ್ನು ವಾಪಸ್ ಕಳಿಸಬೇಕಾದ ಹಿಮ ಅದನ್ನು ಹೀರಿಕೊಂಡು ಬೇಗ ಕರಗುತ್ತೆ.

ನಮ್ಮ ಕಡೆ ಆಕಾಶದಲ್ಲಿ ಮಸಿ ಅಳೆದವರಲ್ಲಿ ದೊಡ್ಡ ಹೆಸರು ವೀರಭದ್ರನ್ ರಾಮನಾಥನ್. ಹನ್ನೊಂದನೇ ವಯಸ್ಸಿಗೆ ಬೆಂಗಳೂರಿಗೆ ಬಂದ ತಮಿಳು ಹುಡುಗ. ಇಂಗ್ಲಿಷ್ ಪಾಠ ತಲೆಗೆ ಹತ್ತದೆ, ಎಲ್ಲವನ್ನೂ ತಾನೇ ಯೋಚಿಸಿ ಕಲಿಯೋ ಅಭ್ಯಾಸ ಬಂತಂತೆ. ಮುಂದೆ ಐಐಎಸ್‌ಸಿ, ಆಮೇಲೆ ಅಮೆರಿಕ. 2006ರ ಮಾರ್ಚ್‌ನಲ್ಲಿ ಅವರ ತಂಡ ಮಾಲ್ಡೀವ್ಸ್‌ನಲ್ಲಿ ಮೂರು ಪುಟ್ಟ ಡ್ರೋನ್‌ಗಳನ್ನು ಒಂದರ ಮೇಲೊಂದು ಹಾರಿಸಿತು. ಕಂದು ಹೊಗೆಮೋಡದಿಂದ ಕೆಳ ವಾತಾವರಣ ಬಿಸಿಲಿಗೆ ಕಾಯೋದು ಸುಮಾರು 50% ಹೆಚ್ಚಾಗಿದೆ ಅನ್ನೋದು ಸಿಕ್ಕ ಲೆಕ್ಕ.

ನನಗೆ ಇನ್ನೂ ಮಜಾ ಅನಿಸಿದ್ದು 2010ರ ಹೈದರಾಬಾದ್ ಬಲೂನ್. ಇಸ್ರೋ ವಿಜ್ಞಾನಿಗಳ ಜೊತೆ ನಮ್ಮ ಐಐಎಸ್‌ಸಿಯ ಎಸ್.ಕೆ. ಸತೀಶ್ ಕೂಡ ಇದ್ದರು. ಮೇಲೆ ಹೋದಂತೆ ಮಸಿ ಕಮ್ಮಿಯಾಗಬೇಕಲ್ವಾ? ನಾಲ್ಕೂವರೆ ಕಿಲೋಮೀಟರ್ ಹತ್ತಿರ ಒಂದು ದಟ್ಟ ಪದರ, 8ರ ಹತ್ತಿರ ಇನ್ನೊಂದು! ಮಸಿ ಬಿಸಿಲು ಹೀರಿ, ಸುತ್ತಲ ಗಾಳಿ ಕಾಯಿಸಿ, ಅದರ ಜೊತೆ ತಾನೂ ಮೇಲೇರುತ್ತೆ ಅನ್ನೋದು ಅವರ ವಿವರಣೆ.

ನಾನು ಬಿ.ಕಾಂ. ಹುಡುಗ, ನನಗೆ ತಿಳಿಯೋದು ಸಾಲದ ಭಾಷೆ. ಕಾರ್ಬನ್ ಡೈಆಕ್ಸೈಡ್ ಮೊಮ್ಮಕ್ಕಳ ತಲೆಗೂ ಬರುವ ಸಾಲ. ಮಸಿ ಕೈಗಡ: ಉರಿಸೋದು ನಿಲ್ಲಿಸಿದ್ರೆ ವಾರ, ಎರಡು ವಾರದಲ್ಲಿ ಗಾಳಿಯಿಂದ ಇಳಿದುಹೋಗುತ್ತೆ. ದಿನಾ ಭಟ್ಟಿ ಮುಂದೆ ನಿಲ್ಲೋರ ಎದೆಯೊಳಗೆ ಹೋದದ್ದು ಹಾಗೆ ಇಳಿಯಲ್ಲ. ಮುಂದಿನ ವಾರ ಮೈಕ್ ತಗೊಂಡು ಅವರ ಹತ್ರಾನೇ ಹೋಗ್ತೀನಿ.