ಪಟ ಹಿಡಿದ ಗೋಡೆಗಳು

ಚಳ್ಳಕೆರೆಯಲ್ಲಿ ಪಟಗಳಿಗೆ ಕಟ್ಟು ಹಾಕುವುದು ನಮ್ಮ ಮನೆಯ ಕಸುಬು. ಕಟ್ಟು ಹಾಕಿದ ಪಟವನ್ನು ಕೈಗೆ ಕೊಡುವ ಮೊದಲು ನನ್ನ ತಂದೆ ಗಿರಾಕಿಯ ಮನೆಯ ಗೋಡೆಯನ್ನು ವಿಚಾರಿಸುತ್ತಿದ್ದರು: ‘ಮಣ್ಣಿಂದೋ, ಕಲ್ಲಿಂದೋ?’ ಕೊಂಡಿ ಎಲ್ಲಿ ಕೂರಬೇಕು, ತಂತಿ ಎಷ್ಟು ಉದ್ದ ಬಿಡಬೇಕು ಎಂಬುದೆಲ್ಲ ಆ ಉತ್ತರದ ಮೇಲೆ. ಈಗ ನಾನೂ ಅದನ್ನೇ ಕೇಳುತ್ತೇನೆ. ಉತ್ತರ ಮಾತ್ರ ಬದಲಾಗಿದೆ: ‘ಜಿಪ್ಸಂ ಬೋರ್ಡು.’

ಈ ಸೀಮೆಯ ಹಳೆಯ ಮನೆಯೆಂದರೆ ಮಾಳಿಗೆ ಮನೆ. ಕಲ್ಲುಮಣ್ಣಿನ ದಪ್ಪ ಗೋಡೆ, ಅದರ ಮೇಲೆ ತೊಲೆ, ಜಂತೆ, ಎಲ್ಲಕ್ಕೂ ಮೇಲೆ ಕರಲು ಮಣ್ಣು. ಅಂಥ ಗೋಡೆಗೆ ಮೊಳೆ ಹೊಡೆದರೆ ಮಣ್ಣು ಉದುರಿ ಮೊಳೆ ಕೈಗೆ ಬರುತ್ತದೆ. ಅದಕ್ಕೇ ಗೋಡೆ ಏರಿಸುವಾಗಲೇ ಜಾಲಿಯ ಗೂಟ ಸೇರಿಸಿಬಿಡುತ್ತಿದ್ದರು: ಗೇಣುದ್ದ ಒಳಗೆ, ನಾಲ್ಕು ಬೆರಳು ಹೊರಗೆ, ತುದಿ ಕೊಂಚ ಮೇಲಕ್ಕೆ. ಕಂಬಳಿ, ಹಗ್ಗ, ಲಾಟೀನು, ಬಿತ್ತನೆಗೆ ಎತ್ತಿಟ್ಟ ಜೋಳದ ತೆನೆ ಎಲ್ಲವೂ ಆ ಗೂಟಕ್ಕೆ. ದೀಪಕ್ಕೆ ಗೋಡೆಯಲ್ಲೇ ಗೂಡು. ಮ್ಯಾಸಬೇಡರ ಹಟ್ಟಿಗಳಲ್ಲಂತೂ ದೇವರು ಗುಡಿಯ ಪೆಟ್ಟಿಗೆಯಲ್ಲಿ ಇರುವಂಥವನು. ಗೋಡೆಗೆ ನೇತುಹಾಕುವ ಮಾತೇ ಇರಲಿಲ್ಲ.

ಗೋಡೆಗೆ ಪಟ ಬಂದದ್ದು ಅಚ್ಚಿನಿಂದ. 1894ರಲ್ಲಿ ರಾಜಾ ರವಿವರ್ಮ ಮುಂಬೈಯಲ್ಲಿ ಲಿಥೋ ಅಚ್ಚುಕೂಟ ತೆರೆದರು. ಲಕ್ಷ್ಮಿ, ಸರಸ್ವತಿಯರು ಬಣ್ಣದ ಕಾಗದವೇರಿ ಊರೂರಿಗೆ ಹೊರಟರು. ಆಮೇಲೆ ಶಿವಕಾಶಿಯ ಕ್ಯಾಲೆಂಡರುಗಳು. ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು, ಶೇಂಗಾ ಎಣ್ಣೆಯ ವಹಿವಾಟಿನಿಂದ ಎರಡನೇ ಮುಂಬೈ ಅನ್ನಿಸಿಕೊಂಡಿದ್ದ ಊರು. ಮಿಲ್ಲಿನವರು ಹಂಚಿದ ಕ್ಯಾಲೆಂಡರನ್ನು ವರ್ಷ ಕಳೆದರೂ ಯಾರೂ ಬಿಸಾಡುತ್ತಿರಲಿಲ್ಲ. ಕೆಳಗಿನ ತಾರೀಖಿನ ಹಾಳೆಯನ್ನೂ ಮಿಲ್ಲಿನ ಹೆಸರನ್ನೂ ಕತ್ತರಿಸಿ, ಉಳಿದ ವೆಂಕಟರಮಣನಿಗೆ ಕಟ್ಟು ಹಾಕಿಸುತ್ತಿದ್ದರು. ನಾಯಕನಹಟ್ಟಿ ಜಾತ್ರೆ ಮುಗಿದ ವಾರ ತಿಪ್ಪೇರುದ್ರಸ್ವಾಮಿಯ ಪಟಗಳ ಸಾಲು. ತಿಥಿಯ ಹಿಂದಿನ ದಿನ ಬರುವವರದು ಬೇರೆಯೇ ಅವಸರ. ತೀರಿಹೋದ ಅಜ್ಜಿಯದು ಅಂತ ಇರುವುದು ಯಾರದೋ ಮದುವೆಯ ಗುಂಪಿನ ಫೋಟೊ ಒಂದೇ. ಅದರೊಳಗಿಂದ ಉಗುರಿನಷ್ಟು ಮುಖವನ್ನು ಸ್ಟುಡಿಯೊದವರು ಬಿಡಿಸಿ, ದೊಡ್ಡದು ಮಾಡಿ, ತಿದ್ದಿ ಕೊಡಬೇಕು. ಆ ಮನೆಗೆ ಆ ಮುಖ ಉಳಿಯುವುದೇ ಅಲ್ಲಿ. ಇಂಥ ಪಟ ಬೀಳಬಾರದು ಎಂಬ ಆತಂಕವನ್ನು ನಾನು ಬರಿಯ ಶಕುನದ ಭಯ ಎಂದುಕೊಂಡಿಲ್ಲ.

ತಂದೆ ಕಟ್ಟು ಹಾಕುತ್ತಿದ್ದ ಕ್ರಮವೇ ಬೇರೆ. ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಕಲಸಿ ಕುದಿಸುತ್ತಿದ್ದರು, ಹುಳ ಕಾಗದ ಮುಟ್ಟದಿರಲೆಂದು. ತೆಳು ಹಲಗೆಯ ಬೆನ್ನು ಕೊಟ್ಟು, ಸುತ್ತಲ ಸಂದಿಗೆ ಕಾಗದದ ಪಟ್ಟಿ ಅಂಟಿಸಿ ಧೂಳು ಮುಚ್ಚುತ್ತಿದ್ದರು. ಮಾಳಿಗೆ ಮನೆಯಲ್ಲಿ ಪಟಕ್ಕೆಂದು ಗೋಡೆಯ ಉದ್ದಕ್ಕೂ, ಗೂಟದಿಂದ ಗೂಟಕ್ಕೆ, ಒಂದು ಮರದ ರೀಪು ಹೊಡೆದಿರುತ್ತಿತ್ತು. ಪಟದ ಕೆಳ ಅಂಚು ಆ ರೀಪಿನ ಮೇಲೆ ಕೂರುತ್ತದೆ. ಮೇಲಂಚು ತಂತಿಗೆ ಜೋತು ಮುಂದಕ್ಕೆ ಬಾಗುತ್ತದೆ. ಭಾರವೆಲ್ಲ ರೀಪಿನದು, ಮುಗ್ಗರಿಸದಂತೆ ಹಿಡಿಯುವುದಷ್ಟೇ ತಂತಿಯ ಪಾಲು. ನೆಲದ ಮೇಲೆ ಕೂತವರಿಗೆ ಬಾಗಿದ ಪಟವೇ ಸರಿಯಾಗಿ ಕಾಣುವುದು, ಗಾಜೂ ಹೊಳೆಯುವುದಿಲ್ಲ. ಹಿಂದಿನ ಸಂದಿಯಲ್ಲಿ ಗುಬ್ಬಿ ಗೂಡು ಕಟ್ಟುತ್ತಿತ್ತು, ಮರಿ ಹಾರುವತನಕ ಯಾರೂ ಆ ಪಟ ಇಳಿಸುತ್ತಿರಲಿಲ್ಲ.

ಮೊಳಕಾಲ್ಮೂರಿನ ಕಡೆ ಕಲ್ಲು ಹೆಚ್ಚು. ಅಲ್ಲಿ ಉಳಿಯಿಂದ ತೂತು ಕೊರೆದು, ಒಣಗಿದ ಮರದ ಬಿರಡೆ ಬಡಿದು, ಬಿರಡೆಗೆ ಮೊಳೆ ಹೊಡೆಯಬೇಕು. ರೇಷ್ಮೆ ಸೀರೆ ನೇಯುವ ಮನೆಗಳಲ್ಲಿ ಇನ್ನೊಂದು ಕಷ್ಟ: ಹಲಗೆ ಬಡಿದಾಗಲೆಲ್ಲ ಮಗ್ಗದ ಅದುರು ಗೋಡೆಗೂ ಮುಟ್ಟುತ್ತದೆ, ಮೊಳೆ ಸಡಿಲುತ್ತದೆ. ಹಾಗಾಗಿ ಅಲ್ಲಿ ಸ್ವಕುಳಸಾಳಿಗಳ ಜಿಹ್ವೇಶ್ವರನಾಗಲಿ, ಪದ್ಮಶಾಲಿಗಳ ಮಾರ್ಕಂಡೇಯನಾಗಲಿ, ಮಗ್ಗದಿಂದ ದೂರದ ಗೋಡೆಗೇ ಆಗಬೇಕೆಂದು ತಂದೆ ಹಟ ಹಿಡಿಯುತ್ತಿದ್ದರು.

ಸಿಮೆಂಟು ಬಂದಮೇಲೆ ಕೆಲಸ ಹಗುರಾಯಿತು, ಆದರೆ ಉಪಾಯ ಹಳೆಯದೇ. ಇಂಗ್ಲೆಂಡಿನ ಜಾನ್ ರಾಲಿಂಗ್ಸ್ 1911ರಲ್ಲಿ ರೂಪಿಸಿದ ನಾರಿನ ಬಿರಡೆ, 1958ರಲ್ಲಿ ಜರ್ಮನಿಯ ಆರ್ಟುರ್ ಫಿಷರ್ ತಂದ ನೈಲಾನ್ ಬಿರಡೆ, ಇವೆಲ್ಲ ತೂತಿನೊಳಗೆ ಹಿಗ್ಗಿ ಗೋಡೆಯನ್ನೇ ಒತ್ತಿ ಹಿಡಿಯುವಂಥವು. ಹಾಗೆ ಒತ್ತಲು ಗಟ್ಟಿ ಗೋಡೆ ಇರಬೇಕು.

ಜಿಪ್ಸಂ ಹಲಗೆಯಲ್ಲಿ ಆ ಗಟ್ಟಿತನ ಇಲ್ಲ. ಈ ಜಿಪ್ಸಂ ನಮಗೇನೂ ಹೊಸದಲ್ಲ. ಶೇಂಗಾ ಹೂಡು ಮಣ್ಣಿಗಿಳಿಯುವ ಹೊತ್ತಿಗೆ ಬುಡಕ್ಕೆ ಹಾಕಿ ಮಣ್ಣೇರಿಸುವುದು ಇದನ್ನೇ, ಕಾಯಿ ತುಂಬಲೆಂದು. ಅದೇ ಪುಡಿಯನ್ನು ಕಾಗದದ ನಡುವೆ ಹಲಗೆ ಮಾಡುವ ವಿಧಾನಕ್ಕೆ ಅಮೆರಿಕದ ಆಗಸ್ಟೀನ್ ಸ್ಯಾಕೆಟ್ ಹಕ್ಕುಪತ್ರ ಪಡೆದದ್ದೂ 1894ರಲ್ಲಿ, ರವಿವರ್ಮರ ಅಚ್ಚುಕೂಟದ ವರ್ಷದಲ್ಲೇ. ಚಳ್ಳಕೆರೆಯ ಮನೆಗಳಲ್ಲಿ ಆ ಲಕ್ಷ್ಮಿಗೂ ಈ ಹಲಗೆಗೂ ಭೇಟಿಯಾಗಲು ನೂರು ವರ್ಷಕ್ಕೂ ಮೇಲಾಯಿತು.

ಹಲಗೆಯ ದಪ್ಪ ಸಾಮಾನ್ಯವಾಗಿ 12.5 ಮಿಲಿಮೀಟರು, ಹಿಂದೆ ಟೊಳ್ಳು. ಬರಿಯ ಮೊಳೆ ಹೊಡೆದರೆ ಪುಡಿಯಾಗಿ ಕಿತ್ತು ಬರುತ್ತದೆ. ಒಳಗೆ ಸುಮಾರು ಎರಡು ಅಡಿಗೊಂದು ತಗಡಿನ ಕಂಬಿ ನಿಂತಿರುತ್ತದೆ. ಗೋಡೆಯ ಮೇಲೆ ಅಯಸ್ಕಾಂತ ಎಳೆದರೆ ಕಂಬಿಗೆ ಹಾಕಿದ ಸ್ಕ್ರೂಗಳ ತಲೆ ಸಿಗುತ್ತವೆ. ಭಾರದ ಪಟದ ಸ್ಕ್ರೂ ಆ ಕಂಬಿಗೇ ಹೋಗಬೇಕು. ಕಂಬಿ ಸಿಗದ ಕಡೆ, ಒಳಗೆ ಹೋಗಿ ರೆಕ್ಕೆ ಬಿಚ್ಚಿ ಹಲಗೆಯ ಬೆನ್ನನ್ನು ಹಿಡಿಯುವ ಬೋಲ್ಟು ಹಾಕಬೇಕು. ಇದಕ್ಕಿಂತ ಒಳ್ಳೆಯದು ಹಳೆಯ ರೀಪಿನ ದಾರಿ. ಗೋಡೆ ಕಟ್ಟಿಸುತ್ತಿರುವವರು ಅಂಗಡಿಗೆ ಬಂದರೆ ಹೇಳುತ್ತೇನೆ: ಹಲಗೆ ಮುಚ್ಚುವ ಮೊದಲೇ ಕಂಬಿಗಳ ನಡುವೆ ಒಂದು ಪ್ಲೈವುಡ್ ಪಟ್ಟಿ ಕೂರಿಸಿ, ನೆಲದಿಂದ ಎಷ್ಟು ಎತ್ತರ ಎಂದು ಅಳತೆ ತನ್ನಿ. ತಂದ ಅಳತೆಯನ್ನು ಪಟದ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಬರೆದು, ಕೊಂಡಿಯನ್ನು ಅದಕ್ಕೆ ಸರಿಯಾಗಿ ಹಾಕಿ ಕೊಡುತ್ತೇನೆ.